ಹಸಿ ವಾಸನೆ ಹೋಗುವವರೆಗೆ

ನಮ್ಮ ಮಾವನಿಗೆ ಅಡುಗೆ ಬರೋದಿಲ್ಲ ಅಂತ ಯಾರಾದರೂ ಅಂದರೆ ದಯವಿಟ್ಟು ನಂಬಬೇಡಿ! ಇಟಲಿಯದು ಬರುತ್ತೆ, ಥಾಯ್ಲೆಂಡಿನದು ಬರುತ್ತೆ, ಮೆಕ್ಸಿಕೋದ್ದು ಹೋದ ವಾರ ಬಂತು. ಬಾರದೇ ಇರೋದು ಅಂದರೆ ಅನ್ನ ಮತ್ತು ಸಾರು. ಚಿಕ್ಕಲಸಂದ್ರದ ಮನೆಯೊಂದರಲ್ಲಿ ಮಧ್ಯಾಹ್ನದ ಊಟಕ್ಕೆ ಅಷ್ಟೇ ಸಾಕು ಮಾವ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ರಿಟೈರ್ ಆದವರು. ಹೋದ ವರ್ಷದವರೆಗೂ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಈಗ ಅಡುಗೆಮನೆಗೆ ನಾನು ಕಾಲಿಡಬೇಕಾದರೆ ಅವರನ್ನು ಕೇಳಬೇಕು! ಇದಕ್ಕೆಲ್ಲ ಕಾರಣ ನಮ್ಮ ಅತ್ತೆಗೆ ಬಂದ ಒಂದು ಸುಡುಗಾಡು ಜ್ವರ. ಜ್ವರ ಬಂತು, ಹೋಯ್ತು. ಹೋಗುವಾಗ ಮೂಗನ್ನೂ ಹೊತ್ಕೊಂಡು ಹೋಯ್ತು. ಕಾಫಿಪುಡಿಯೂ ಒಂದೇ, ಸೀಗೆಪುಡಿಯೂ ಒಂದೇ ಅನ್ನೋ ಹಾಗಾಯ್ತು ಅತ್ತೆಗೆ. ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಗುತ್ತೆ, ಅಷ್ಟೇ. ಮೊದಲೆಲ್ಲ ಮುದ್ದೆ ಮುರಿದು ಗಟ್ಟಿಯಾಗಿ ಉಣ್ಣುತ್ತಿದ್ದ ಹೆಂಗಸು ಎರಡು ತುತ್ತಿಗೆ ಕೈ ತೊಳೆಯೋಕೆ ಶುರು ಮಾಡಿದರು. ಬಳೆಗಳು ಮೊಣಕೈವರೆಗೆ ಜಾರೋಕೆ ಶುರುವಾದವು.

"ವಾಸನೆ ವಾಪಸ್ ಬಂದರೂ ಬರಬಹುದು, ಹೇಳೋಕಾಗಲ್ಲ. ಹೇಗಾದರೂ ಮಾಡಿ ಊಟ ಮಾಡಿಸಿ," ಅಂದರು ಡಾಕ್ಟರು.

ಆಟೋದಲ್ಲಿ ವಾಪಸ್ ಬರುವಾಗ ಮಾವ ಘೋಷಣೆ ಮಾಡಿಬಿಟ್ಟರು. "ಇವಳು ಉಣ್ಣೋ ಹಾಗೆ ಅಡುಗೆ ನಾನು ಮಾಡ್ತೀನಿ. ಇಂಟರ್ನೆಟ್‌ನಲ್ಲಿ ಇಲ್ಲದೇ ಇರೋದು ಏನಿದೆ?"

ಉದ್ದೇಶದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ವಿಧಾನ! ಅಯ್ಯೋ ಶಿವನೇ!

ಬೆಳಿಗ್ಗೆ ಎದ್ದವರೇ ಕಾಫಿಗಿಂತ ಮುಂಚೆ ಫೋನು. ಸೌಂಡು ಎಷ್ಟಿರುತ್ತೆ ಅಂದರೆ ಪಕ್ಕದ ಮನೆಯವರಿಗೂ ಆವತ್ತು ನಮ್ಮ ಮನೆಯಲ್ಲಿ ಏನಡುಗೆ ಅಂತ ಗೊತ್ತಿರುತ್ತೆ. ವಿಡಿಯೋದಲ್ಲಿ ಆ ಹೆಣ್ಣುಮಗಳು "ಹಾಯ್ ಫ್ರೆಂಡ್ಸ್, ಎಲ್ಲರೂ ಚೆನ್ನಾಗಿದೀರಾ?" ಅಂದರೆ ಇವರು "ಹ್ಞೂಂ ಕಣಮ್ಮ, ಚೆನ್ನಾಗಿದೀವಿ, ಮುಂದೆ ಹೇಳು," ಅಂತಾರೆ. ಅವಳು ಮುಂದೆ ಹೇಳೋದು ಎಲ್ಲಿ? ಅವಳ ಹೊಸ ಮಿಕ್ಸಿ, ಅವಳ ನಾದಿನಿ ಮದುವೆ, ಎಲ್ಲ ಮುಗಿದ ಮೇಲೆ ಈರುಳ್ಳಿ ಹೆಚ್ಚೋದು. ಇವರು ಅಷ್ಟನ್ನೂ ಕೂತು ಕೇಳ್ತಾರೆ. ಆ ನಾದಿನಿಯ ಗಂಡನಿಗೆ ಏನು ಕೆಲಸ ಅಂತ ನನ್ನ ಕೇಳಿ, ಹೇಳ್ತೀನಿ!

ಶನಿವಾರ ಸಂಜೆ ಮೀಟಿಂಗು. ಬ್ರಾಂಚಿನಲ್ಲಿ ನಡೆಸುತ್ತಿದ್ದರಲ್ಲ, ಅದೇ ಠೀವಿ. ಮುಂದಿನ ವಾರ ಏನೇನು ಅಡುಗೆ ಅಂತ ಮಂಡನೆ ಆಗುತ್ತೆ. "ಸೋಮವಾರ ಪಾಸ್ತಾ. ಮಂಗಳವಾರ ತೆಂಗಿನ ಹಾಲಿನ ಥಾಯ್ ಕರಿ. ಯಾರದಾದರೂ ಆಕ್ಷೇಪಣೆ ಇದೆಯಾ?"

"ಮಾವ, ಅವರೆಕಾಯಿ ಸೀಸನ್ನು. ಬೀದಿ ತುಂಬಾ ಅವರೆಕಾಯಿ. ಒಂದು ದಿನ ಹುಳಿ ಮಾಡಬಾರದಾ?"

"ಅದು ಅವಳು ಆಗಲೇ ತಿಂದಿರೋದಲ್ವೇನಮ್ಮಾ. ಹಳೇದು ತಿಂದರೆ ಹಳೇ ರುಚಿ ನೆನಪಾಗಿ ಬೇಜಾರಾಗುತ್ತೆ. ಹೊಸದು ತಿಂದರೆ ಹೋಲಿಸೋಕೆ ಏನೂ ಇರಲ್ಲ, ನೋಡು!"

ಕೇಳಿದ್ರಾ ತರ್ಕ! ನನ್ನ ಗಂಡನ ಮುಖ ನೋಡಿದೆ. ಅವರು ಟೀ ಲೋಟದೊಳಗೆ ಮುಖ ಇಟ್ಟಿದ್ದರು. ಅತ್ತೆಯೋ, ಎಲ್ಲದಕ್ಕೂ "ನೀವು ಮಾಡಿದ್ದೇ ಸರಿ" ಅನ್ನುವವರು.

ಇನ್ನು ಸಾಮಾನು ತರುವ ವೈಭವ. ಪದ್ಮನಾಭನಗರದ ತರಕಾರಿ ಅಂಗಡಿಯಲ್ಲಿ ಪಾರ್ಸ್ಲಿ ಕೇಳಿದರಂತೆ. ಅಂಗಡಿಯವನು, "ಸಾರ್, ಕೊತ್ತಂಬರಿ ತಗೊಳ್ಳಿ, ಎರಡೂ ಅಣ್ಣತಮ್ಮಂದಿರೇ," ಅಂದನಂತೆ. ಇವರು ಒಪ್ಪಬೇಕಲ್ಲ! ಅಲ್ಲಿಂದ ಇಟ್ಟಮಡು, ಇಟ್ಟಮಡುವಿನಿಂದ ಜಯನಗರ, ಬಿಸಿಲಲ್ಲಿ ಸ್ಕೂಟರ್ ಓಡಿಸಿಕೊಂಡು ಹೋಗಿ ಒಂದು ಕಟ್ಟು ಹಿಡ್ಕೊಂಡು ಬಂದರು. ಬರುವಷ್ಟರಲ್ಲಿ ಅದು ಬಾಡಿ ಅವರಿಗಿಂತ ಸುಸ್ತಾಗಿತ್ತು. ಆವತ್ತು ನಾವು ಉಂಡಿದ್ದು ಹೋಟೆಲಿನ ಇಡ್ಲಿ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮ ಮನೆಯಲ್ಲೊಂದು ಪದ್ಧತಿ ಇದೆ. ಮಾವ ಲಿಂಗಪೂಜೆ ಮುಗಿಸಿ, ಮಾಡಿದ ಅಡುಗೆಯನ್ನು ಲಿಂಗಕ್ಕೆ ತೋರಿಸಿದ ಮೇಲೇ ನಮಗೆಲ್ಲ ಪ್ರಸಾದ. ಅದಕ್ಕೆ ಮುಂಚೆ ಯಾರೂ ರುಚಿ ನೋಡುವ ಹಾಗಿಲ್ಲ. ಅತ್ತೆ ಇಷ್ಟು ವರ್ಷ ಅಡುಗೆ ಮಾಡಿದ್ದೆಲ್ಲ ಬರೀ ಮೂಗಿನಿಂದ. ಕುದಿಯುವ ಪಾತ್ರೆ ಹತ್ತಿರ ಒಮ್ಮೆ ಬಗ್ಗಿ, "ಉಪ್ಪು ಕಮ್ಮಿ" ಅಂದರೆ ಕಮ್ಮಿಯೇ! ಮಾವನಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ವಿಡಿಯೋದವಳು "ರುಚಿಗೆ ತಕ್ಕಷ್ಟು ಉಪ್ಪು" ಅಂದರೆ ಇವರಿಗೆ ರೇಗುತ್ತೆ. "ಯಾರ ರುಚಿಗೆ? ಎಷ್ಟು ಅಂತ ಹೇಳೋಕೆ ಏನು ಕಷ್ಟ?" ಒಂದು ದಿನ ಅವಳಿಗೇ ಬರೆದು ಕೇಳಿದರು, "ಮೇಡಂ, ಉಪ್ಪು ಎಷ್ಟು ಗ್ರಾಂ?" ಅವಳು ಒಂದು ಕೆಂಪು ಹೃದಯ ಕಳಿಸಿದಳು. ಅತ್ತೆ ಅದನ್ನು ನೋಡಿ, "ಯಾರ್ರೀ ಇವಳು?" ಅಂದರು. ತಿಂಗಳಾದ ಮೇಲೆ ಅತ್ತೆ ಧ್ವನಿ ಸ್ವಲ್ಪ ಜೋರಾಗಿದ್ದು ಆವತ್ತೇ.

ಆದರೆ ಮಾವನನ್ನು ನಿಜವಾಗಿ ಹಣ್ಣು ಮಾಡಿದ್ದು ಉಪ್ಪಲ್ಲ, ಹಸಿ ವಾಸನೆ. ಯಾವ ವಿಡಿಯೋ ತೆಗೆದರೂ ಅದೇ ಮಾತು, "ಹಸಿ ವಾಸನೆ ಹೋಗುವವರೆಗೆ ಹುರೀರಿ."

"ಏನಮ್ಮಾ, ಈ ಹಸಿ ವಾಸನೆ ಅಂದರೆ ಎಂಥದ್ದು?"

"ಅದು... ಹಸಿ ಹಸಿಯಾಗಿರುತ್ತೆ ಮಾವ."

"ಹೋದ ಮೇಲೆ?"

"ಹಸಿಯಾಗಿರಲ್ಲ."

ಇದಕ್ಕಿಂತ ಚೆನ್ನಾಗಿ ನೀವು ಹೇಳಿ ನೋಡೋಣ! ಮಾವ ಅತ್ತೆಯ ಕಡೆ ತಿರುಗಿದರು. ಅದು ಗೊತ್ತಿದ್ದವರಿಗೆ ಮೂಗಿಲ್ಲ, ಮೂಗಿದ್ದವರಿಗೆ ಅದು ಗೊತ್ತಿಲ್ಲ. ನಾನು ನೋಡಿ ಹೇಳ್ತೀನಿ ಅಂದರೆ, "ಬೇಡಮ್ಮಾ, ನಾನೇ ಕಲೀಬೇಕು." ಕಲಿತದ್ದು ಹೇಗೆ ಅಂದರೆ, ಬೆಳ್ಳುಳ್ಳಿ ಮೆಣಸಿನಕಾಯಿ ಮಸಾಲೆಯನ್ನು ಬಾಣಲೆಗೆ ಹಾಕಿ, ಹಸಿ ವಾಸನೆ ಹೋಗಲಿ ಅಂತ ಕಾದರು, ಕಾದರು, ಕಾಯ್ತಾನೇ ಇದ್ದರು. ಹಸಿ ವಾಸನೆ ಹೋಯ್ತು. ಅದರ ಹಿಂದೆ ಮಸಾಲೆ ಹೋಯ್ತು, ಬಾಣಲೆ ಹೋಯ್ತು. ಘಾಟಿಗೆ ನಾನು, ನನ್ನ ಗಂಡ, ಮೇಲಿನ ಮನೆಯವರು ಎಲ್ಲರೂ ಕೆಮ್ಮಿಕೊಂಡು ಬೀದಿಗೆ ಬಂದೆವು. ಅತ್ತೆ ಮಾತ್ರ ಒಳಗೆ ಸೋಫಾದ ಮೇಲೆ ಕೆಮ್ಮುತ್ತಾ, "ಯಾಕೆ ಗಂಟಲು ಉರೀತಿದೆ?" ಅಂತ ಕೇಳ್ತಾ ಕೂತಿದ್ದರು.

ಆ ಸಂಜೆ ಮಾವ ಹಠ ಬಿಡದೆ ಇನ್ನೇನೋ ಮಾಡಿ, ಪೂಜೆ ಮುಗಿಸಿ, ತಟ್ಟೆ ತಂದಿಟ್ಟರು. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದರು.

"ರೀ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಇದು ಮಾಡಿದರೂ ಅಷ್ಟೇ, ಅದು ಮಾಡಿದರೂ ಅಷ್ಟೇ. ಒದ್ದೆ ಬಟ್ಟೆ ಅಗಿದ ಹಾಗಿರುತ್ತೆ. ಸಾಕು, ಬಿಟ್ಟುಬಿಡಿ."

ಮಾವ ಎದ್ದರು. ತಟ್ಟೆ ತೊಳೆದಿಟ್ಟು ಹೋಗಿ ಮಲಗಿದರು. ಮಾರನೇ ಬೆಳಿಗ್ಗೆ ಮನೆಯಲ್ಲಿ "ಹಾಯ್ ಫ್ರೆಂಡ್ಸ್" ಕೇಳಲಿಲ್ಲ. ಎಷ್ಟು ದಿನದಿಂದ ಬೇಡ್ಕೊಂಡಿದ್ದ ನೆಮ್ಮದಿ! ಆದರೆ ನಾನು ಕಾಫಿ ಲೋಟ ಹಿಡ್ಕೊಂಡು ಎರಡು ಸಲ ಅಡುಗೆಮನೆಗೆ ಇಣುಕಿ ಬಂದೆ.

ನಾನು ಪದ್ಮನಾಭನಗರದ ಟ್ಯೂಷನ್ ಸೆಂಟರಿನಲ್ಲಿ ಮಧ್ಯಾಹ್ನದ ಮೇಲೆ ಗಣಿತ ಹೇಳಿಕೊಡ್ತೀನಿ. ಆವತ್ತು ಅನ್ನಕ್ಕಿಟ್ಟು ಹೊರಡೋಣ ಅಂತ ಅಡುಗೆಮನೆ ಕಡೆ ಹೋದರೆ ಅತ್ತೆ ಅಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದಾರೆ, ಮಾವ ಒಲೆ ಮುಂದೆ ನಿಂತಿದ್ದಾರೆ! ಫೋನು ಎಲ್ಲೂ ಕಾಣಲಿಲ್ಲ.

"ಬರೀ ತಿಳಿ ಸಾರು ಮಾಡೋಣ. ನೀನು ಮಾಡ್ತಿದ್ದ ಹಾಗೇ. ಹೇಳು," ಅಂತಿದ್ದರು ಮಾವ.

"ಬೇಳೆ ಕಟ್ಟು ಬಸಿದ್ರಾ? ಟೊಮೆಟೊ ಕಿವುಚಿ. ಕೈಯಲ್ಲಿ ರೀ, ಸೌಟಲ್ಲಲ್ಲ! ಈಗ ಪುಡಿ. ಸಾಕು ಸಾಕು! ಕುದೀಲಿ. ಹಸಿ ವಾಸನೆ ಹೋಯ್ತಾ ನೋಡಿ."

ಮತ್ತೆ ಬಂತಲ್ಲಪ್ಪಾ ಗ್ರಹಚಾರ! ಹೋಯ್ತು, ಇಳಿಸಿ ಅಂತ ಬಾಗಿಲಿಂದಲೇ ಕೂಗೋಣ ಅಂತ ಬಾಯಿ ತೆಗೆದಿದ್ದೆ. ಮಾವ ಕನ್ನಡಕ ತೆಗೆದು ಪಾತ್ರೆ ಮೇಲೆ ಬಗ್ಗಿದರು.

"ಇಲ್ಲ... ಇನ್ನೂ ಇಲ್ಲ. ಇರು... ಹ್ಞಾಂ, ಬಂತು."

"ಏನು ಬಂತು?"

"ಬ್ಯಾಂಕಿಂದ ಬಂದು ಗೇಟಿಗೆ ಕೈ ಹಾಕಿದ ತಕ್ಷಣ ಬರ್ತಿತ್ತಲ್ಲ, ಅದು. ಅಲ್ಲೇ ಒಂದು ಗಳಿಗೆ ನಿಂತು ಆಮೇಲೆ ಒಳಗೆ ಬರ್ತಿದ್ದೆ."

ಅತ್ತೆ ಸ್ಟೂಲ್ ಸಮೇತ ಅವರ ಕಡೆ ತಿರುಗಿದರು. ಅಡುಗೆ ಚೆನ್ನಾಗಿದೆ ಅಂತ ಮಾವ ಒಂದು ದಿನವಾದರೂ ಅಂದದ್ದನ್ನು ಈ ಮನೆಯಲ್ಲಿ ಯಾರೂ ಕೇಳಿದವರಿಲ್ಲ.

"ಗೇಟಿನ ಹತ್ರ ನಿಂತು ಏನ್ ಮಾಡ್ತಿದ್ರಿ?"

"ಇವತ್ತು ಏನು ಮಾಡಿದೀಯ ಅಂತ ಊಹೆ ಮಾಡ್ತಿದ್ದೆ."

"ಸರಿಯಾಗಿರ್ತಿತ್ತಾ?"

"ಒಂದು ದಿನಾನೂ ತಪ್ಪಿಲ್ಲ."

"ಮುಂಡಾಮೋಚ್ತು! ಒಳಗೆ ಬಂದು ಹೇಳೋಕೆ ಏನಾಗಿತ್ತು ನಿಮಗೆ?" ಅಂದರು ಅತ್ತೆ. "ಇಳಿಸಿ, ಆಗಿದೆ ಸಾರು."

ಪೂಜೆ ಆಯ್ತು. ಮಾವ ಬಡಿಸಿದರು. ಅತ್ತೆ ಅನ್ನಕ್ಕೆ ಸಾರು ಕಲಸಿ ತುತ್ತು ಎತ್ತಿದವರು, ಬಾಯಿಗಿಡದೆ ಮಾವನ ಕಡೆ ತಿರುಗಿದರು.

"ಈಗ ಏನು ಬರ್ತಿದೆ ಹೇಳಿ."

"ಇಂಗು," ಅಂದರು ಮಾವ. ಅತ್ತೆ ತುತ್ತು ಬಾಯಿಗಿಟ್ಟರು. "ಕರಿಬೇವು." ಇನ್ನೊಂದು ತುತ್ತು. "ತುಪ್ಪದ್ದು, ಒಗ್ಗರಣೆದು." ಮತ್ತೊಂದು. ಮಾವ ಕಣ್ಣು ಮುಚ್ಚಿಕೊಂಡು ಒಂದೊಂದೇ ಹೇಳುತ್ತಾ ಹೋದರು. ಹೇಳೋದಕ್ಕೆ ಇನ್ನೇನೂ ಉಳಿಯದಾದಾಗ ಮತ್ತೆ ಇಂಗಿನಿಂದ ಶುರು ಮಾಡಿದರು. ಅತ್ತೆ ತಟ್ಟೆ ಮುಂದೆ ಚಾಚಿದರು.

"ಇನ್ನೊಂದು ಸೌಟು ಹಾಕಿ. ನೀವು ಹೇಳ್ತಾ ಇರಿ, ನಾನು ಉಣ್ತೀನಿ."