ಎರಡು ಕೀಲಿಯ ವೈಫೈ

"ಇನ್ನು ಮೇಲೆ ಈ ಮನೆಯೊಳಗೆ ಗಾಳಿ ಬರಬೇಕಾದರೂ ನನ್ನ ಅಪ್ಪಣೆ ತಗೊಂಡೇ ಬರಬೇಕು" ಎಂದು ಲಾಕರಣ್ಣ ಭಾನುವಾರ ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಘೋಷಿಸಿದ.

"ಮೊದಲು ಬಾಯಿ ಮುಕ್ಕಳಿಸಿ. ನೊರೆ ನೆಲಕ್ಕೆ ಬೀಳ್ತಿದೆ" ಎಂದಳು ಹೆಂಡತಿ.

ಲಾಕರಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಸುಬು ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಅವನದು ಬ್ಯಾಂಕುಗಳ ಲಾಕರ್ ರಿಪೇರಿ ಕೆಲಸ. ಗಿರಾಕಿ ಕೀಲಿ ಕಳೆದುಕೊಂಡರೆ ಮ್ಯಾನೇಜರರ ಎದುರಿಗೆ, ಇಬ್ಬರು ಸಾಕ್ಷಿಗಳ ಎದುರಿಗೆ, ಗಂಭೀರವಾಗಿ ಕನ್ನಡಕ ಏರಿಸಿಕೊಂಡು ಡ್ರಿಲ್ ಹಿಡಿಯುವವನು ಅವನೇ. ಲೋಕದಲ್ಲಿ ಅವನು ನಂಬುವುದು ಒಂದೇ ಒಂದು ಸಂಗತಿಯನ್ನು. ಪ್ರತಿ ಲಾಕರಿಗೂ ಎರಡು ಕೀಲಿ, ಒಂದು ಬ್ಯಾಂಕಿನ ಹತ್ತಿರ, ಇನ್ನೊಂದು ಗಿರಾಕಿಯ ಹತ್ತಿರ. ಎರಡೂ ಸೇರದೆ ಬಾಗಿಲು ತೆರೆಯುವುದಿಲ್ಲ. ಇಷ್ಟು ಸರಳವಾದ ಏರ್ಪಾಡನ್ನು ಜನ ಮನೆ, ಮದುವೆ, ಸರ್ಕಾರಗಳಿಗೆಲ್ಲ ಯಾಕೆ ಅನ್ವಯಿಸುವುದಿಲ್ಲ ಎಂಬುದು ಅವನ ಬಹುದಿನದ ಕೊರಗು.

ಅಂಥವನ ಮಾನ ಹಿಂದಿನ ದಿನವಷ್ಟೇ ಹರಾಜಾಗಿತ್ತು. ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಭಾವಮೈದ ಊಟಕ್ಕೆ ಬಂದಿದ್ದ. ಕೈ ತೊಳೆದು ಕೂತವನೇ, "ಭಾವ, ನಿಮ್ಮ ವೈಫೈ ಪಾಸ್‌ವರ್ಡ್ ಏನು?" ಎಂದು ಕೇಳಿದ.

"ಒಂದರಿಂದ ಎಂಟು."

"ಅಂದ್ರೆ ಒಂದು, ಎರಡು, ಮೂರು, ನಾಲ್ಕು ಅಂತಾನಾ?"

"ಹೌದಪ್ಪ. ನೆನಪಿಡೋಕೆ ಸುಲಭ ಅಂತ ಕನೆಕ್ಷನ್ ಕೊಟ್ಟವನೇ ಹಾಕಿ ಹೋಗಿದ್ದಾನೆ."

"ಸುಲಭ ನಿಮಗೊಬ್ಬರಿಗೇ ಅಲ್ಲ ಬಿಡಿ, ಇಡೀ ಬೀದಿಗೇ" ಎಂದು ಭಾವಮೈದ ನಕ್ಕ. ನಗುತ್ತಲೇ ಬೆಳಗಿನಿಂದ ಆ ವೈಫೈ ಬಳಸಿದ ಸಾಮಾನುಗಳ ಪಟ್ಟಿಯನ್ನು, ಬಂದುಹೋದ ಹೊತ್ತಿನ ಸಮೇತ, ತನ್ನ ಫೋನಿನಲ್ಲಿ ತೆಗೆದು ತೋರಿಸಿದ. ಮನೆಯಲ್ಲಿ ವೈಫೈ ಬಳಸುವ ಸಾಮಾನು ನಾಲ್ಕೇ ಎಂದು ಲಾಕರಣ್ಣನ ಲೆಕ್ಕ: ಎರಡು ಫೋನು, ಒಂದು ಟೀವಿ, ಹೆಂಡತಿಯ ಲ್ಯಾಪ್‌ಟಾಪು. ಭಾವಮೈದನ ಫೋನನ್ನು ಬಿಟ್ಟರೂ ಪಟ್ಟಿಯಲ್ಲಿ ಆರಿದ್ದವು.

ಭಾವಮೈದ ಬುದ್ಧಿವಾದವನ್ನೂ ಹೇಳಿದ. ಪಾಸ್‌ವರ್ಡ್ ಉದ್ದವಾಗಿರಲಿ, ಹೆಸರು, ಹುಟ್ಟಿದ ದಿನ ಯಾವುದೂ ಅದರಲ್ಲಿರಬಾರದು. ರೂಟರ್ ಪೆಟ್ಟಿಗೆಗೇ ಒಂದು ಬೇರೆ ಪಾಸ್‌ವರ್ಡ್ ಇರುತ್ತದೆ, ಅದನ್ನೂ ಬದಲಾಯಿಸಿ. ಬಂದುಹೋಗುವವರಿಗೆ ಬೇರೆಯೇ ಒಂದು ಲೈನು ಮಾಡಿಕೊಡಿ. "ಕೊನೆಗೆ ಎಲ್ಲಾನೂ ಒಂದು ಚೀಟಿಲಿ ಬರೆದು ಮನೇಲಿ ಇಟ್ಟಿರಿ ಭಾವ, ಅಕ್ಕನಿಗೂ ಗೊತ್ತಿರಲಿ."

ಮೊದಲಿನ ಮಾತುಗಳನ್ನೆಲ್ಲ ಲಾಕರಣ್ಣ ವಿಧೇಯ ವಿದ್ಯಾರ್ಥಿಯಂತೆ ಕೇಳಿಸಿಕೊಂಡ. ಕೊನೆಯದು ಮಾತ್ರ ಮೈಯೆಲ್ಲ ಉರಿಸಿತು. "ಬೀಗ ಹಾಕಿ, ಕೀಲಿನ ಅದರ ಪಕ್ಕದಲ್ಲೇ ನೇತುಹಾಕು ಅಂತೀಯಲ್ಲೋ" ಎಂದು ಗದರಿದ. ಆ ಕೊನೆಯ ಮಾತೊಂದನ್ನು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹೀಗೆ ಭಾನುವಾರದ ದಂಡಯಾತ್ರೆ ಶುರುವಾಯಿತು. ಹೆಂಡತಿ ಒಂದೇ ಒಂದು ಮಾತು ಕೇಳಿಕೊಂಡಳು. "ರೀ, ನಾಳೆ ಹನ್ನೊಂದಕ್ಕೆ ನನ್ನ ಪರೀಕ್ಷೆ ಇದೆ. ಅದೊಂದು ಮುಗೀಲಿ. ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ."

ಅದು ಅವಳ ಪಾಲಿಗೆ ಎಂಥ ಪರೀಕ್ಷೆ ಎಂಬುದು ಲಾಕರಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹದಿನೆಂಟು ವರ್ಷ ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳಿದವಳು. ಹೋದ ವರ್ಷ ಅಲ್ಲಿಗೆ ಒಂದು ಯಂತ್ರ ಬಂತು, ಇವಳು ಮನೆಗೆ ಬಂದಳು. ಈಗ ಪುಸ್ತಕಗಳನ್ನು ಓದಿ ಧ್ವನಿಮುದ್ರಣ ಮಾಡುವ ಸ್ಟುಡಿಯೋ ಒಂದು ಹೊಸ ದನಿಗಳನ್ನು ಹುಡುಕುತ್ತಿತ್ತು. ಲ್ಯಾಪ್‌ಟಾಪಿನ ಮುಂದೆ ಕೂತು, ಅವರು ಕೇಳುತ್ತಿರುವಾಗಲೇ ಒಂದು ಕಥೆ ಓದಬೇಕು. ಒಂದು ತಿಂಗಳಿಂದ ಅವಳು ದನಿ ಪ್ರತಿಧ್ವನಿಸದಿರಲೆಂದು ಹಿಂದಿನ ಕೋಣೆಯ ಗೋಡೆಗೆಲ್ಲ ರಜಾಯಿ ತೂಗುಹಾಕಿ ಅಭ್ಯಾಸ ಮಾಡುತ್ತಿದ್ದಳು. ಮೊದಲ ವಾರ ಕಥಾನಾಯಕಿ ಕಣ್ಣೀರು ಹಾಕಿದ್ದನ್ನೂ ಪ್ಲಾಟ್‌ಫಾರಂ ನಾಲ್ಕಕ್ಕೆ ಬಸ್ಸು ಬಂದ ರಾಗದಲ್ಲೇ ಓದುತ್ತಿದ್ದಳು. ಮೂರನೆಯ ವಾರದ ಹೊತ್ತಿಗೆ ಬಸ್ಸುಗಳೆಲ್ಲ ಹೊರಟುಹೋಗಿ ಕಥೆ ಉಳಿಯಿತು. ಬಾಗಿಲಾಚೆ ನಿಂತು ಕೇಳಿದ ಲಾಕರಣ್ಣ ಕೆಲಸಕ್ಕೆ ತಡವಾದರೂ ಕಥೆ ಮುಗಿಯುವವರೆಗೆ ಕದಲಿರಲಿಲ್ಲ. ಅದನ್ನು ಅವಳಿಗೆ ಹೇಳಿರಲಿಲ್ಲ, ಅದೂ ಒಂದು ಭದ್ರತೆಯ ವಿಷಯವೆಂಬಂತೆ.

"ಪರೀಕ್ಷೆ ಇದೆ ಅಂತಲೇ ಇವತ್ತು ಮಾಡ್ತಿರೋದು. ಮಧ್ಯದಲ್ಲಿ ಯಾವನಾದ್ರೂ ನುಗ್ಗಿದ್ರೆ?" ಎಂದ.

ಮೊದಲು ಶತ್ರುಗಳ ಪತ್ತೆ. ಪಟ್ಟಿಯಲ್ಲಿದ್ದ ಇಬ್ಬರು ಅಪರಿಚಿತರಲ್ಲಿ ಒಬ್ಬನ ಚಲನವಲನವನ್ನು ಲಾಕರಣ್ಣ ಬೆಳಗಿನಿಂದ ಕಾದು ನೋಡಿದ. "ನೋಡೇ, ಒಂಬತ್ತಕ್ಕೆ ಬಂದ, ಹತ್ತಕ್ಕೆ ಹೋದ. ನಿನ್ನೆನೂ ಅದೇ ಹೊತ್ತು. ಶಿಸ್ತಿನ ಕಳ್ಳ."

"ಅದು ನಮ್ಮ ಬಟ್ಟೆ ಒಗೆಯೋ ಮಷೀನು ರೀ."

"ಮಷೀನಿಗೆ ವೈಫೈ ಯಾಕೆ?"

"ಬಟ್ಟೆ ಆಯ್ತು ಅಂತ ಫೋನಿಗೆ ಹೇಳುತ್ತೆ. ತಂದವರು ನೀವೇ."

ಇನ್ನೊಬ್ಬ ಶತ್ರು ಪಕ್ಕದ ಮನೆಯ ಟ್ಯೂಷನ್ ಟೀಚರು. ಅವರ ಕನೆಕ್ಷನ್ ಕೆಟ್ಟು ಹತ್ತು ದಿನವಾಗಿತ್ತು, ಹೆಂಡತಿಯೇ ಪಾಸ್‌ವರ್ಡ್ ಕೊಟ್ಟಿದ್ದಳು. ಲಾಕರಣ್ಣ ಎದೆಗೆ ಕೈಯಿಟ್ಟುಕೊಂಡ. ಬ್ಯಾಂಕಿನ ಗಿರಾಕಿ ತನ್ನ ಕೀಲಿಯನ್ನು ಪಕ್ಕದ ಮನೆಯವರಿಗೆ ಕೊಟ್ಟ ಸುದ್ದಿ ಕೇಳಿದಷ್ಟೇ ಆಘಾತವಾಗಿತ್ತು. ಟೀಚರನ್ನೂ ಬಟ್ಟೆ ಮಷೀನನ್ನೂ ಒಂದೇ ಬೆರಳಿನಲ್ಲಿ ಹೊರಗೆ ಹಾಕಿದ.

ಆಮೇಲೆ ಬಂತು ಅವನ ಇಪ್ಪತ್ತಾರು ವರ್ಷದ ತಪಸ್ಸಿನ ಫಲ. ಪಾಸ್‌ವರ್ಡಿನಲ್ಲಿ ಇಪ್ಪತ್ತನಾಲ್ಕು ಅಕ್ಷರ. ಮೊದಲ ಹನ್ನೆರಡು ಅವನು ಹಾಕುವುದು, ಉಳಿದ ಹನ್ನೆರಡು ಅವಳು ಹಾಕುವುದು. ಅವನದು ಅವಳಿಗೆ ಗೊತ್ತಾಗಬಾರದು, ಅವಳದು ಅವನಿಗೆ ಗೊತ್ತಾಗಬಾರದು, ಚೀಟಿಯಂತೂ ಇರಲೇಬಾರದು. ಅವನು ಒತ್ತುವಾಗ ಅವಳು ಕಿಟಕಿ ನೋಡಿದಳು, ಅವಳು ಒತ್ತುವಾಗ ಅವನು ಫ್ಯಾನು ನೋಡಿದ. ಒಮ್ಮೆ ಹಾಕಿದ ಪಾಸ್‌ವರ್ಡನ್ನು ಲ್ಯಾಪ್‌ಟಾಪು ತಾನೇ ನೆನಪಿಟ್ಟುಕೊಳ್ಳುತ್ತದೆ ಎಂದು ಅವಳು ಹೇಳಿದ್ದಕ್ಕೆ, "ಒಂದ್ಸಲ ಒಳಗೆ ಬಂದವನಿಗೆ ತಾನಾಗೇ ತೆಗೆಯೋ ಬೀಗ ಬೀಗವೇ ಅಲ್ಲ" ಎಂದು ಆ ನೆನಪಿನ ಗುಂಡಿಯನ್ನೂ ಆಫ್ ಮಾಡಿದ. ಕೊನೆಗೆ ರೂಟರನ್ನು ಗಾಜಿನ ಬಾಗಿಲಿನ ಪುಸ್ತಕದ ಕಪಾಟಿನೊಳಗಿಟ್ಟು ಬೀಗ ಜಡಿದು, ಕೀಲಿಯನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ಸೇರಿ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಹಾಕಿದರು. ಸಂಪರ್ಕ ಬಂತು.

"ಮಧ್ಯದಲ್ಲಿ ಹೋದ್ರೆ?" ಎಂದು ಅವಳು ಕೇಳಿದಳು.

"ಫೋನ್ ಮಾಡು, ನನ್ನರ್ಧ ಹೇಳ್ತೀನಿ. ಸಂಕಟಕ್ಕೆ ವಿನಾಯಿತಿ ಇದೆ" ಎಂದು ದೊಡ್ಡ ಮನಸ್ಸು ಮಾಡಿ ಲಾಕರಣ್ಣ ಡ್ರಿಲ್ ಚೀಲ ಹೆಗಲಿಗೇರಿಸಿದ. ಅವತ್ತಿನ ಕೆಲಸ ಬ್ಯಾಂಕಿನ ನೆಲಮಾಳಿಗೆಯ ಭದ್ರಕೋಣೆಯಲ್ಲಿ. ಅಲ್ಲಿಗೆ ಹೋಗುವವರು ಫೋನನ್ನು ಹೊರಗಿನ ಟ್ರೇಯಲ್ಲಿ ಇಟ್ಟೇ ಹೋಗಬೇಕು. ಈ ಎರಡು ಸಂಗತಿಗಳು ಅವನ ತಲೆಯ ಎರಡು ಬೇರೆ ಬೇರೆ ಲಾಕರುಗಳಲ್ಲಿದ್ದವು.

ಹತ್ತೂ ನಲವತ್ತಕ್ಕೆ ಕರೆಂಟ್ ಹೋಯಿತು. ಎರಡೇ ನಿಮಿಷ. ಮತ್ತೆ ಬಂದಾಗ ರೂಟರ್ ಕಣ್ಣು ಬಿಟ್ಟಿತು, ಲ್ಯಾಪ್‌ಟಾಪು ಪಾಸ್‌ವರ್ಡ್ ಕೇಳಿತು. ಅವಳು ಫೋನ್ ಹಿಡಿದು ಅಡುಗೆಮನೆಯ ಕಿಟಕಿಗೆ ಓಡಿದಳು. ಆ ಮನೆಯಲ್ಲಿ ಮೊಬೈಲಿನ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ, ಅದೂ ಬರೀ ಮಾತಿಗೆ ಸಾಲುವಷ್ಟು. ಗಂಡನ ಫೋನು ರಿಂಗಾಯಿತು, ಆಗುತ್ತಲೇ ಇತ್ತು. ಲ್ಯಾಪ್‌ಟಾಪು ಎತ್ತಿಕೊಂಡು ಪಕ್ಕದ ಮನೆಗೆ ಓಡಿದರೆ ಟೀಚರು ಬಾಗಿಲಲ್ಲೇ ನಿಂತು, "ಅಯ್ಯೋ, ನಾನು ನಿಮ್ಮದನ್ನೇ ನಂಬ್ಕೊಂಡಿದ್ದೆನಲ್ಲ, ನಿನ್ನೆಯಿಂದ ನನಗೂ ಇಲ್ಲ" ಎಂದರು. ಮನೆಗೆ ವಾಪಸು ಬಂದು ಗಂಡನ ಹನ್ನೆರಡು ಅಕ್ಷರ ಏನಿರಬಹುದೆಂದು ಊಹಿಸಿ ಊಹಿಸಿ ಒತ್ತಿದಳು. ಗಾಜಿನ ಹಿಂದೆ ರೂಟರಿನ ದೀಪ ತನ್ನ ಪಾಡಿಗೆ ತಾನು ಮಿಟುಕುತ್ತಿತ್ತು. ಹನ್ನೊಂದು ಹೊಡೆಯಿತು, ಹನ್ನೊಂದೂಕಾಲು ಆಯಿತು.

ಲಾಕರಣ್ಣ ಭದ್ರಕೋಣೆಯಿಂದ ಹೊರಗೆ ಬಂದಾಗ ಹನ್ನೆರಡೂವರೆ. ಟ್ರೇಯಲ್ಲಿದ್ದ ಫೋನಿನಲ್ಲಿ ಹದಿನಾಲ್ಕು ಕರೆಗಳು.

"ಗುಂಯ್ ಗುಂಯ್ ಅಂತಾನೇ ಇತ್ತು ಸಾರ್" ಎಂದ ಗಾರ್ಡು.

"ಮನೆ ಫೋನಪ್ಪಾ! ಎತ್ತಬಾರದಿತ್ತಾ?"

"ಟ್ರೇಲಿರೋ ಫೋನ್ ಯಾರೂ ಮುಟ್ಟಬಾರದು ಅಂತ ರೂಲ್ಸ್ ಇದೆ ಸಾರ್."

"ಯಾವ ಪುಣ್ಯಾತ್ಮ ಮಾಡಿದ ರೂಲ್ಸು?"

"ಹೋದ ವರ್ಷ ನೀವೇ ಮ್ಯಾನೇಜರ್‌ಗೆ ಹೇಳಿ ಮಾಡಿಸಿದ್ದು."

ಮನೆಗೆ ಬಂದಾಗ ಅವಳು ಹಿಂದಿನ ಕೋಣೆಯ ರಜಾಯಿಗಳನ್ನು ಇಳಿಸಿ ಮಡಿಸುತ್ತಿದ್ದಳು. ಕೂಗಾಡುತ್ತಾಳೆ ಎಂದುಕೊಂಡು ಬಂದಿದ್ದ. ಅವಳು ಕೂಗಾಡಲಿಲ್ಲ. ಅದೇ ಅವನಿಗೆ ಸಹಿಸಲಾಗಲಿಲ್ಲ.

"ಕಪಾಟಿನ ಗಾಜು ಒಡೆದುಬಿಡಬೇಕಿತ್ತು ಕಣೇ" ಎಂದ ಮೆಲ್ಲಗೆ.

"ಒಡೆದಿದ್ರೆ ಪಾಸ್‌ವರ್ಡ್ ಉದುರ್ತಿತ್ತಾ?"

"ಏನೇನು ಹಾಕಿ ನೋಡಿದೆ?"

"ನಮ್ಮ ಮದುವೆ ದಿನ. ನಿಮ್ಮ ಮೊದಲನೇ ಕೆಲಸದ ದಿನ. ಕೊನೆಗೆ ನನ್ನ ಹೆಸರು." ಅವಳು ರಜಾಯಿಯ ಇನ್ನೊಂದು ತುದಿ ಹಿಡಿಯುವಂತೆ ಕಣ್ಣಲ್ಲೇ ಹೇಳಿದಳು. "ಯಾವುದೂ ಆಗಲಿಲ್ಲ."

ಹೆಂಡತಿಯ ಹೆಸರಿಡುವುದು ಅಪಾಯವೆಂದು ಅವಳ ತಮ್ಮನೇ ಹೇಳಿದ್ದನಲ್ಲ ಎನ್ನಲು ಲಾಕರಣ್ಣ ಬಾಯಿ ತೆರೆದ. ಹೇಳುವ ಬದಲು ರಜಾಯಿಯ ತುದಿ ಹಿಡಿದ. ಒಂದೇ ಒಂದು ದಿನ ತಡೆದಿದ್ದರೆ ಯಾವ ಸಾಮ್ರಾಜ್ಯ ಮುಳುಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡ. ಸಂಜೆ ಕಪಾಟಿನ ಬೀಗ ತೆಗೆದು, ಅವಳರ್ಧವನ್ನು ಅವಳಿಂದ ಕೇಳಿ, ಇಪ್ಪತ್ತನಾಲ್ಕು ಅಕ್ಷರಗಳನ್ನೂ ಹಾಳೆಯ ಮೇಲೆ ದಪ್ಪಗೆ ಬರೆದು ಅವಳ ಕೈಗಿತ್ತ. ಅವಳು ಹಾಳೆಯನ್ನು ಓದದೆ ಮಡಿಸಿ ಬೀರುವಿನಲ್ಲಿಟ್ಟಳು.

ಮಂಗಳವಾರ ಅವನಿಗೆ ಕೆಲಸದಲ್ಲಿ ಕೈ ಓಡಲಿಲ್ಲ. ಒಂದು ತಿಂಗಳ ಅವಳ ಓದು ಕಿವಿಯಲ್ಲೇ ಕೂತಿತ್ತು. ಮಾಡಿದ್ದನ್ನು ಸರಿಪಡಿಸಲೇಬೇಕು ಎಂದು ನಿರ್ಧರಿಸಿ, ಅವಳ ನೋಟ್‌ಬುಕ್ಕಿನಿಂದ ಬರೆದುಕೊಂಡು ಬಂದಿದ್ದ ಸ್ಟುಡಿಯೋದ ನಂಬರಿಗೆ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದ. ಒಬ್ಬ ಮೇಡಂ ಎತ್ತಿದರು.

"ಮೇಡಂ, ನಿನ್ನೆ ಹನ್ನೊಂದರ ಪರೀಕ್ಷೆಗೆ ಬರೋಕಾಗಲಿಲ್ಲವಲ್ಲ, ನಾನು ಅವರ ಮನೆಯವರು. ತಪ್ಪೆಲ್ಲ ನನ್ನದು, ಅವಳದೇನೂ ಇಲ್ಲ" ಎಂದು ಶುರುಮಾಡಿ, ಲಾಕರಣ್ಣ ಜನ್ಮದಲ್ಲಿ ಮೊದಲ ಸಲ ಏನನ್ನೂ ಬಚ್ಚಿಡದೆ ಹೇಳಿದ. ಎರಡು ಕೀಲಿ, ಹನ್ನೆರಡು ಅಕ್ಷರ, ಆಫ್ ಮಾಡಿದ ಗುಂಡಿ, ಕಪಾಟು, ಟ್ರೇ, ಎಲ್ಲ ಹೇಳಿದ. ಹೇಳಿ ಮುಗಿಸಿದಾಗ ಎದೆ ಹಗುರವಾಗಿತ್ತು.

ಆ ಕಡೆ ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಮೇಡಂ ಕೇಳಿದರು, "ಕರೆಂಟ್ ಹೋಗಿತ್ತು ಅಂತ ಬೆಳಗ್ಗೆ ಅವರು ಫೋನ್ ಮಾಡಿ ಹೇಳಿದ್ರಲ್ಲ?"

"ಹೋಗಿತ್ತು ಮೇಡಂ, ಅದೂ ನಿಜ."

"ಎಷ್ಟು ಹೊತ್ತು?"

ಇಲ್ಲಾದರೂ ಅವನು ನಾಲಿಗೆ ಕಚ್ಚಿಕೊಳ್ಳಬಹುದಿತ್ತು. ಪಶ್ಚಾತ್ತಾಪದ ಭರದಲ್ಲಿ, "ಎರಡೇ ನಿಮಿಷ" ಎಂದುಬಿಟ್ಟ.

"ನೋಡಿ, ಕರೆಂಟ್ ಹೋದವರಿಗೆ ನಮ್ಮಲ್ಲಿ ಇನ್ನೊಂದು ಅವಕಾಶ ಕೊಡ್ತೀವಿ. ಅವರಿಗೆ ಗುರುವಾರ ಕೊಟ್ಟಿದ್ವಿ. ಮನೇಲಿ ಸಿದ್ಧತೆ ಸರಿಯಿಲ್ಲದಿದ್ದರೆ ಕೊಡೋ ಹಾಗಿಲ್ಲ, ಎಲ್ಲರಿಗೂ ಒಂದೇ ನಿಯಮ. ನೀವು ಹೇಳಿದ ಮೇಲೆ ನಾನು ಗೊತ್ತಿಲ್ಲ ಅನ್ನೋಕಾಗಲ್ಲ." ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. "ಮುಂದಿನ ವರ್ಷ ಅರ್ಜಿ ಹಾಕೋಕೆ ಹೇಳಿ."

ಅವಳು ಅವನ ಹೆಸರೆತ್ತಿರಲಿಲ್ಲ. ಗಂಡ ಹೀಗೆ ಮಾಡಿದ ಎಂದು ಹೊರಗಿನವರ ಮುಂದೆ ಒಂದಕ್ಷರ ಆಡದೆ, ಕರೆಂಟಿನ ತಲೆಗೆ ಕಟ್ಟಿ, ಗುರುವಾರವನ್ನು ಗಿಟ್ಟಿಸಿಕೊಂಡಿದ್ದಳು. ಲಾಕರಣ್ಣ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಇಷ್ಟು ವರ್ಷಗಳಲ್ಲಿ ಅವನು ಎಷ್ಟೋ ಲಾಕರು ಒಡೆದಿದ್ದ, ಯಾವುದನ್ನೂ ಇಷ್ಟು ತಪ್ಪಾಗಿ ಒಡೆದಿರಲಿಲ್ಲ.

ಮಧ್ಯಾಹ್ನವೇ ರಜೆ ಹಾಕಿ ಮನೆಗೆ ಹೋದ. ಹಿಂದಿನ ಕೋಣೆಯಲ್ಲಿ ರಜಾಯಿಗಳು ಮತ್ತೆ ಗೋಡೆ ಏರಿದ್ದವು. ಒಳಗಿನಿಂದ ಅವಳ ಓದು ಕೇಳುತ್ತಿತ್ತು. ಬಾಗಿಲ ಬಳಿ ನಿಂತು ಕೇಳಿದ. ಪುಟ ಮುಗಿದ ಮೇಲೆ ಒಳಗೆ ಹೋಗಿ, ತಲೆ ತಗ್ಗಿಸಿ, ಎಲ್ಲವನ್ನೂ ಹೇಳಿದ.

ಅವಳು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಕೇಳಿದಳು.

"ಗುರುವಾರದ ವಿಷಯ ನನಗೊಂದು ಮಾತು ಹೇಳಬಾರದಿತ್ತಾ?" ಎಂದು ಅವನು ಕೊನೆಗೆ ಗೋಗರೆದ.

"ಹೇಳಿದ್ರೆ ಅದಕ್ಕೂ ಭದ್ರತೆ ಮಾಡ್ತೀರ ಅಂತ ಹೆದರಿದ್ದೆ." ಅವಳು ಬೆರಳು ತೆಗೆದು ಪುಸ್ತಕ ಮುಚ್ಚಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಹದಿನೆಂಟು ವರ್ಷ ಮೈಕಿನ ಮುಂದೆ ಕೂತವಳದು, ಒಂದಿಷ್ಟೂ ಅಲುಗಲಿಲ್ಲ.

"ನನಗೆ ಪೂರ್ತಿ ಹೇಳಬೇಕಾಗಿದ್ದ ಪಾಸ್‌ವರ್ಡನ್ನ ಅರ್ಧಕ್ಕೇ ನಿಲ್ಲಿಸಿದ್ರಿ. ಅವರಿಗೆ ಅರ್ಧಕ್ಕೇ ನಿಲ್ಲಿಸಬೇಕಾಗಿದ್ದನ್ನ ಪೂರ್ತಿ ಹೇಳಿದ್ರಿ."