ಹತ್ತಕ್ಕೆ ಎರಡು ಅಂಕ ಪಡೆದ ಹುಲ್ಲುಗಾವಲಿನ ಪರವಾಗಿ

ಹುಲ್ಲುಗಾವಲುಗಳಿಗೆ ಅಂಕ ಕೊಡುವ ನಿಯಮಗಳನ್ನು ರಚಿಸಿರುವ, ಹೆಸರು ತಿಳಿಯದಿದ್ದರೂ ನನ್ನ ಗೌರವಕ್ಕೆ ಪೂರ್ಣ ಪಾತ್ರರಾದ ಮಾನ್ಯರೇ,

ಲೀಟ್ರಿಮ್ ಜಿಲ್ಲೆಯ ಒಂದು ಒದ್ದೆ ಇಳಿಜಾರಿನಿಂದ ಫಿಂಟನ್ ಮ್ಯಾಕ್‌ಮೊರೊ ಎಂಬ ರೈತನ ವಿನಯಪೂರ್ವಕ ವಂದನೆಗಳು. ತಾವೂ, ತಮ್ಮ ಕಛೇರಿಯ ಸಮಸ್ತ ಸಿಬ್ಬಂದಿಯೂ, ನಮ್ಮ ಹೊಲಗಳನ್ನು ಆಕಾಶದಿಂದ ಇಣುಕಿ ನೋಡುವ ಉಪಗ್ರಹವೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ, ಅನುಮಾನವಿದ್ದರೆ ಆ ಉಪಗ್ರಹವನ್ನೇ ಕೇಳಬಹುದು. ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಮೇಲೆ ನೋಡಿ ಟೋಪಿ ತೆಗೆಯುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ವಿಷಯ ಏನೆಂದರೆ, ನಮ್ಮ ಮನೆಯ ಹಿಂದಿನ ಹುಲ್ಲುಗಾವಲು ನನ್ನ ಹೆಂಡತಿ ಅಟ್ರಾಕ್ಟಾಳಿಗೆ ಅವಳ ತಂದೆಯಿಂದ ಬಂದದ್ದು. ಅದರ ಮೂರು ಕಡೆಯೂ ಈಗ ಸ್ಪ್ರೂಸ್ ಮರದ ಕಾಡು. ಮರಮುಟ್ಟಿನ ಕಂಪನಿಯವರು ಸಾಲಾಗಿ ನೆಟ್ಟದ್ದು, ಮಧ್ಯಾಹ್ನವೂ ಒಳಗೆ ಕತ್ತಲೆ, ಹಕ್ಕಿಯೂ ಕೂರುವುದಿಲ್ಲ. ಉಳಿದ ಈ ಒಂದು ಹೊಲಕ್ಕಾಗಿ ಕಂಪನಿಯ ಮನುಷ್ಯ ಪ್ರತಿ ವರ್ಷ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬರುತ್ತಾನೆ. ತಮ್ಮ ಯೋಜನೆಯಲ್ಲಿ ಹೊಲಕ್ಕೆ ಒಳ್ಳೆಯ ಅಂಕ ಬಂದರೆ ಸಹಾಯಧನ ಬರುತ್ತದೆ, ಹೊಲ ಉಳಿಯುತ್ತದೆ. ಬಾರದಿದ್ದರೆ ಅವನ ಕ್ರಯದ ಕಾಗದಕ್ಕೆ ಸಹಿ ಹಾಕದೆ ನಮಗೆ ಬೇರೆ ದಾರಿಯಿಲ್ಲ. ಹೀಗೆ ನನ್ನ ಮಾವನವರ ಹೊಲದ ಹಣೆಬರಹವನ್ನು ಬರೆಯುವ ಕೆಲಸ ತಮ್ಮ ಪಾಲಿಗೆ ಬಂದಿತ್ತು. ಅದನ್ನು ತಮಗೆ ಬಿಟ್ಟುಕೊಡದೆ ನಾನೇ ಕೈ ಹಾಕಿದ್ದು ಈ ದೂರಿನ ಮೂಲ.

ಜೂನ್ ತಿಂಗಳಲ್ಲಿ ತಮ್ಮ ಕಛೇರಿಯ ಮಿಸ್ ಡೆವಾನಿ ಅಂಕ ಹಾಕಲು ಬರುತ್ತಾರೆಂದು ಸೂಚನೆ ಬಂತು. ಇಲ್ಲಿ ತಾವು ನಮ್ಮ ಊರಿನ ಪದ್ಧತಿಯೊಂದನ್ನು ದಯವಿಟ್ಟು ಗಮನಕ್ಕೆ ತಂದುಕೊಳ್ಳಬೇಕು. ನಮ್ಮಲ್ಲಿ ಪಾದ್ರಿಗಳು ಸರದಿಯಂತೆ ಒಂದೊಂದು ಮನೆಗೆ ಬಂದು ಬಲಿಪೂಜೆಯ ಪ್ರಾರ್ಥನೆ ಸಲ್ಲಿಸುತ್ತಾರೆ, ನೆರೆಹೊರೆಯವರೆಲ್ಲ ಸೇರುತ್ತಾರೆ. ನಮ್ಮ ಮನೆಯ ಸರದಿ ಬಂದಾಗ ನನ್ನ ತಾಯಿ ಪಾದ್ರಿಗಳು ಕನಸಿನಲ್ಲೂ ಕಾಲಿಡದ ಕೋಳಿಗೂಡಿನ ಒಳಗೋಡೆಗೂ ಸುಣ್ಣ ಬಳಿಸಿದ್ದರು. ದೊಡ್ಡವರು ಕೈಯಲ್ಲಿ ಪುಸ್ತಕ ಹಿಡಿದು ಬರುತ್ತಾರೆಂದರೆ ಒಪ್ಪ ಮಾಡುವುದೊಂದೇ ನಮ್ಮ ಮನೆತನಕ್ಕೆ ಗೊತ್ತಿರುವ ವಿದ್ಯೆ. ಅಟ್ರಾಕ್ಟಾ ಆ ವಾರ ಸ್ಲೈಗೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಭೇಷ್ ಅನ್ನಿಸಿಕೊಳ್ಳೋಣವೆಂದು ನಾನು ಗೇಟಿಗೆ ಕೆಂಪು ಬಣ್ಣ ಬಳಿದೆ, ತುರಿಕೆ ಸೊಪ್ಪನ್ನು ಬೇರುಸಹಿತ ಕಿತ್ತೆ, ಟ್ರ್ಯಾಕ್ಟರಿಗೆ ಕಟಾವು ಯಂತ್ರ ಕಟ್ಟಿ ಇಡೀ ಹುಲ್ಲುಗಾವಲನ್ನು ಮದುಮಗನ ಗಲ್ಲದಂತೆ ನುಣ್ಣಗೆ ಬೋಳಿಸಿದೆ. ಬೇಲಿಯನ್ನೂ ಸವರುತ್ತಿದ್ದೆ. ಆದರೆ ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಆಗಸ್ಟ್ ಮುಗಿಯುವತನಕ ಬೇಲಿ ಕಡಿಯುವುದು ಕಾನೂನಿಗೆ ವಿರುದ್ಧ. ನಾನು ಕಾನೂನು ಮೀರುವವನಲ್ಲ. ಜೋತುಬಿದ್ದ ಕೊಂಬೆಗಳನ್ನು ದಾರದಿಂದ ಎತ್ತಿ ಕಟ್ಟಿದೆ.

ಗೋಡೆಯಾಚೆಯಿಂದ ನೆರೆಯ ಪ್ಯಾಕಿ ಗಿಲ್ರೇನ್ ಇದನ್ನೆಲ್ಲ ನೋಡುತ್ತ ನಿಂತಿದ್ದ. "ಏನಪ್ಪಾ ಫಿಂಟನ್, ಬಿಷಪ್ಪು ಏನಾದ್ರೂ ಬರ್ತಿದಾರಾ?" ಎಂದ. "ಅಂಕ ಕೊಡೋರು ಬರ್ತಿದಾರೆ ಕಣೋ. ನೀನೂ ಒಂಚೂರು ಒಪ್ಪ ಮಾಡ್ಕೋ. ನಿನ್ ಹೊಲ ನೋಡಿದ್ರೆ ನಂಗೇ ನಾಚ್ಕೆ ಆಗತ್ತೆ" ಎಂದು ಬುದ್ಧಿ ಹೇಳಿದೆ. "ನಮ್ ಮೆಷಿನ್ನು ಕೆಟ್ಟು ಕೂತಿದೆಯಲ್ಲೋ, ಏನ್ ಮಾಡ್ಲಿ ಹೇಳು" ಎಂದು ಪ್ಯಾಕಿ ಪೈಪು ಹಚ್ಚಿಕೊಂಡ. ಆ ಯಂತ್ರ ಅವನ ತಂದೆಯ ಕಾಲದಿಂದಲೂ ಕೆಟ್ಟೇ ಇದೆ.

ಮಿಸ್ ಡೆವಾನಿ ರಬ್ಬರ್ ಬೂಟು ಹಾಕಿಕೊಂಡು, ಹೂಗಳ ಚಿತ್ರವಿದ್ದ ಹಾಳೆ ಹಿಡಿದು ಬಂದರು. ಗೇಟಿನ ಬಳಿ ನಿಂತು ಹಾಳೆಯನ್ನೂ ಹೊಲವನ್ನೂ ಮತ್ತೆ ಮತ್ತೆ ನೋಡಿದರು. ನನ್ನ ಕೆಲಸ ಕಂಡು ಮನಸ್ಸು ತುಂಬಿ ಬಂದಿರಬೇಕೆಂದುಕೊಂಡೆ.

"ಹೂವೆಲ್ಲಾ ಎಲ್ಲಿ ಹೋದ್ವು?" ಎಂದರು.

"ಎಲ್ಲಾ ತೆಗೆದುಬಿಟ್ಟೆ ಮೇಡಂ! ಒಂದೂ ಉಳಿಸಿಲ್ಲ!" ಎಂದು ನಾನು ಎದೆಯುಬ್ಬಿಸಿ ಉತ್ತರಿಸಿದೆ.

ಮಾನ್ಯರೇ, ತಮ್ಮ ಹೊಸ ನಿಯಮದಲ್ಲಿ ಅಂಕ ಕೊಡುವುದೇ ಆ ಹೂಗಳಿಗೆ ಎಂಬುದು ತಮ್ಮ ಸೂಚನೆಯ ಎರಡನೆಯ ಪುಟದಲ್ಲಿತ್ತಂತೆ. ನಾನು ಮೊದಲನೆಯ ಪುಟ ಓದಿ ಯಂತ್ರ ಹೊರತೆಗೆದಿದ್ದೆ. ಆ ತಾಯಿ ನನ್ನ ಅಡುಗೆಮನೆಯಲ್ಲಿ ಚಹಾ ಕುಡಿದು, ಸೋಡಾ ಬ್ರೆಡ್ಡನ್ನು ಹೊಗಳಿ, ಹತ್ತಕ್ಕೆ ಎರಡು ಅಂಕ ಕೊಟ್ಟು ಹೋದರು. ಆ ಎರಡೂ ಮುರಿದುಬಿದ್ದ ಮರದ ಹಿಂದೆ ನನ್ನ ಯಂತ್ರ ನುಗ್ಗಲಾರದ ಮೂಲೆಯ ಸಂಪಾದನೆ. ಪ್ಯಾಕಿಗೆ ಒಂಬತ್ತು. ಈಗ ಅವನ ಹೊಲ ನೋಡಲು ಕಾಲೇಜು ಹುಡುಗರು ಬಸ್ಸಿನಲ್ಲಿ ಬರುತ್ತಾರೆ, ಅವನು ಗೋಡೆಗೆ ಒರಗಿಕೊಂಡು ಭಾಷಣ ಮಾಡುತ್ತಾನೆ. ಅಂತಹ ವಿದ್ವಾಂಸನಿಗೆ ಬುದ್ಧಿ ಹೇಳಿದ ಭಾಗ್ಯ ನನ್ನದು.

ಅಟ್ರಾಕ್ಟಾ ಊರಿಂದ ಬಂದವಳು ಬ್ಯಾಗನ್ನೂ ಕೆಳಗಿಡದೆ ಹೊಲ ನೋಡಿದಳು. "ನಮ್ಮಪ್ಪನ ಹೊಲ ಕಣೋ ಇದು" ಎಂದಳು, ಅಷ್ಟೇ. ಅವಳ ಬೈಗುಳ ತಿಂದುಕೊಂಡು ನಾನು ಇಷ್ಟು ವರ್ಷ ಆರೋಗ್ಯವಾಗಿಯೇ ಇದ್ದೇನೆ. ಆದರೆ ಆ ಒಂದು ಮಾತು ನನಗೆ ತಡೆಯಲಾಗಲಿಲ್ಲ. ಬಿಸ್ಕತ್ತಿನವನು ಅಂಕದ ಸುದ್ದಿ ತಿಳಿದು ಮರುವಾರವೇ ಬಂದ. ಅವಳು ಅವನಿಗೆ ಚಹಾ ಕೊಟ್ಟು, ಇನ್ನೊಂದು ಬೇಸಿಗೆ ತಡೆಯಿರಿ ಎಂದಳು. ಆಮೇಲೆ ಟ್ರ್ಯಾಕ್ಟರಿನ ಕೀಲಿಯನ್ನು ಮೇರಿಮಾತೆಯ ಪದಕದ ಜೊತೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಮುಂದಿನ ಬೇಸಿಗೆಯಿಡೀ ನಾನು ಏನೂ ಮಾಡಲಿಲ್ಲ. ಈ ವಾಕ್ಯವನ್ನು ಬರೆಯುವುದು ಸುಲಭ, ಬದುಕುವುದು ಕಷ್ಟ. ಹುಲ್ಲು ಮೊಣಕಾಲಿಗೆ ಬಂತು, ನಾನು ಕಿಟಕಿಯ ಪರದೆ ಎಳೆದೆ. ಚರ್ಚಿನ ಬಾಗಿಲಲ್ಲಿ ಜನ ಅಟ್ರಾಕ್ಟಾಳನ್ನು ಪಕ್ಕಕ್ಕೆ ಕರೆದು "ಅವನಿಗೆ ಹುಷಾರಿಲ್ವೇನಮ್ಮಾ? ಡಾಕ್ಟ್ರಿಗೆ ತೋರಿಸಿದ್ರಾ?" ಎಂದು ವಿಚಾರಿಸಿದರು. ಒಬ್ಬ ಹೆಂಗಸು ಸೇಬಿನ ಕಡುಬನ್ನೇ ಮಾಡಿ ತಂದುಕೊಟ್ಟಳು. ರೋಗಿಯ ಮುಖ ಮಾಡಿ ತಿಂದೆ. ಅಷ್ಟರಲ್ಲಿ ಹಿಂದುಗಡೆ ನೇರಳೆ ಬಣ್ಣದ ಆರ್ಕಿಡ್‌ಗಳು, ಹಳದಿ ಹೂಗಳು, ಹೆಸರು ಗೊತ್ತಿಲ್ಲದ ಪುಟ್ಟ ಬಿಳಿಯವು, ಎಲ್ಲ ನನ್ನ ಅನುಮತಿ ಕೇಳದೆ ಎದ್ದು ನಿಂತವು. ಹಳದಿಯಲ್ಲಿ ಒಂದು ಜಾತಿಗೆ ತಾವು ಅಂಕ ಕೊಡುತ್ತೀರಿ, ದನಗಳಿಗೆ ವಿಷವಾದ ಇನ್ನೊಂದು ಜಾತಿಯನ್ನು ಬೆಳೆಯಲು ಬಿಟ್ಟರೆ ಹಳೆಯ ಕಾನೂನಿನಂತೆ ದಂಡ ಹಾಕುತ್ತೀರಿ. ಯಾವುದು ಯಾವುದೆಂದು ಗಿಡಗಳಿಗೇ ತಿಳಿಸಿ ಹೇಳಲು ಒಬ್ಬ ಅಧಿಕಾರಿಯನ್ನು ಕಳಿಸಿದರೆ ಉಪಕಾರವಾಗುತ್ತದೆ.

ಮಿಸ್ ಡೆವಾನಿ ಮತ್ತೆ ಬಂದರು. ಎಂಟು ಅಂಕ ಬಂತು, ಬಿಸ್ಕತ್ತಿನ ಡಬ್ಬಿ ಬೇರೆ ಮನೆಗೆ ಹೋಯಿತು. "ಮದ್ವೆ ಆದಾಗಿಂದ ಈ ಹೊಲಕ್ಕೆ ನೀನು ಮಾಡಿರೋ ಒಂದೇ ಒಳ್ಳೇ ಕೆಲ್ಸ ನೋಡು, ಕೈ ಕಟ್ಕೊಂಡು ಕೂತಿದ್ದು" ಎಂದು ಅಟ್ರಾಕ್ಟಾ ನಗುತ್ತ ಕೀಲಿಯನ್ನು ಮೇಜಿನ ಮೇಲಿಟ್ಟಳು. ನಾನು ಅದನ್ನು ಇನ್ನೂ ಮುಟ್ಟಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಹೀಗಿವೆ. ನನ್ನ ಸೋಮಾರಿತನ ಸರ್ಕಾರದ ಆಜ್ಞೆಯೆಂದು ನಮ್ಮ ಪಾದ್ರಿಗಳಿಗೆ ಮೊಹರು ಹಾಕಿದ ಪತ್ರ ಬರೆಯಬೇಕು. ಪ್ಯಾಕಿಯ ಕೆಟ್ಟ ಯಂತ್ರವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಬೇಕು. ಕೊನೆಯದು ಸ್ವಲ್ಪ ಕಷ್ಟದ್ದು. ತಮ್ಮ ಕುರ್ಚಿಯಲ್ಲಿ ಹಿಂದೆ ಕೂತಿದ್ದವರು ಹೇಳಿದರೆಂದು ನನ್ನ ಉಳಿದ ಹೊಲಗಳನ್ನೆಲ್ಲ ನಾನು ಕಾಲುವೆ ತೋಡಿ ಒಣಗಿಸಿದೆ, ಉತ್ತು ಒಂದೇ ಜಾತಿಯ ಹುಲ್ಲು ಬಿತ್ತಿದೆ, ಅದಕ್ಕೆ ಪದಕವನ್ನೂ ಪಡೆದೆ. ಅಲ್ಲಿ ಈಗ ಹುಡುಕಿದರೂ ಒಂದು ಹೂವಿಲ್ಲ. ಆ ಹೂಗಳು ಹಿಂದಿರುಗಬೇಕೆಂದು ತಾವು ಒಂದು ಆಜ್ಞೆ ಹೊರಡಿಸಬೇಕು. ಅವು ಬರುವುದಿಲ್ಲವೆಂದು ನನಗೆ ಗೊತ್ತು. ನಾನು ಕೆಟ್ಟದಾಗಿ ಕೆಲಸ ಮಾಡಿದ್ದರೆ ಒಂದೆರಡಾದರೂ ಉಳಿಯುತ್ತಿದ್ದವು. ಚೆನ್ನಾಗಿ ಮಾಡಿದೆನಲ್ಲ ಎಂದು ದುಃಖವಾಗುತ್ತದೆ.

ಇಂತಿ, ಕೈ ಕಟ್ಟಿಕೊಂಡೇ ಹೇಗೋ ಸಹಿ ಹಾಕಿರುವ,
ತಮ್ಮ ವಿಶ್ವಾಸಿ,
ಫಿಂಟನ್ ಮ್ಯಾಕ್‌ಮೊರೊ

ಮರೆತ ಮಾತು: ಅಟ್ರಾಕ್ಟಾಳ ಹೊಲವೊಂದೇ ಹೇಗೆ ಬಚಾವಾಯಿತೆಂದು ತಾವು ಕೇಳಬಹುದು. ಅದಕ್ಕೂ ಕಾಲುವೆ ತೋಡಲು ಅನುಮತಿ ಬೇಡಿ ನಾನು ಮದುವೆಯಾದ ವರ್ಷವೇ ತಮ್ಮ ಕಛೇರಿಗೆ ಅರ್ಜಿ ಹಾಕಿದ್ದೆ. ಅದು ಇಂದಿಗೂ ಪರಿಶೀಲನೆಯಲ್ಲಿದೆ. ಆ ವಿಳಂಬಕ್ಕಾಗಿ ದನದ ಸಂತೆಯಲ್ಲಿ ನಾನು ತಮ್ಮನ್ನು ಬೈಯದ ವಾರವಿರಲಿಲ್ಲ. ಅದನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ತಮ್ಮ ಕಛೇರಿಗೆ ಹೊಸ ಕಂಪ್ಯೂಟರ್ ಬಂದು ಹಳೆಯ ಅರ್ಜಿಗಳೆಲ್ಲ ಬೇಗ ಬೇಗ ವಿಲೇವಾರಿಯಾಗುತ್ತಿವೆಯೆಂದು ಕೇಳಿ ನಮ್ಮಿಬ್ಬರಿಗೂ ನಿದ್ದೆ ಬರುತ್ತಿಲ್ಲ, ಅನುಮತಿ ಬಂದರೆ ನನ್ನ ಕೈ ಸುಮ್ಮನಿರುವುದೆಂಬ ನಂಬಿಕೆ ಇಬ್ಬರಿಗೂ ಇಲ್ಲ. ಟೋಪಿ ತೆಗೆದು ಬೇಡುತ್ತೇನೆ ಮಾನ್ಯರೇ, ಇಷ್ಟು ವರ್ಷ ಹೇಗೋ ಹಾಗೆಯೇ ಇರಿ. ಆ ಅರ್ಜಿಯನ್ನು ಮಾತ್ರ ಹುಡುಕಬೇಡಿ.