ಮಗ್ಗದ ಶೆಡ್ಡಿನ ಅಲೆ ಹಲಗೆ

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತೆ, ನನ್ನ ಹಣೆಯಲ್ಲಿ ನಗೆಪಾಟಲು. ನಾನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತಾನೇ ಬರುತ್ತೆ, ಚಪ್ಪಲಿ ಬಿಟ್ಟು ಒಳಗೂ ಬಂದು ಕೂರುತ್ತೆ.

ಹದಿನಾರು ವರ್ಷ ದೇಶದೇಶ ಸುತ್ತಿದೆ. ಕೊನೆಯ ನಾಲ್ಕು ವರ್ಷ ಪರದೇಶದ ಒಂದು ಸರೋವರದ ದಡದಲ್ಲಿ ವೇಕ್‌ಸರ್ಫ್ ಹಲಗೆಗಳ ರಿಪೇರಿ ಮಾಡಿಕೊಂಡಿದ್ದೆ. ವೇಕ್‌ಸರ್ಫ್ ಅಂದರೆ ಇಷ್ಟೇ: ಮೋಟಾರು ದೋಣಿ ಓಡುವಾಗ ಹಿಂದೆ ಒಂದು ಅಲೆ ಏಳುತ್ತೆ. ಹಗ್ಗ ಹಿಡಿದು ಹಲಗೆಯ ಮೇಲೆ ನಿಂತು, ಆಮೇಲೆ ಹಗ್ಗ ಬಿಟ್ಟು, ಆ ಅಲೆಯ ಮೇಲೇ ಜಾರುತ್ತಾ ಹೋಗೋದು. ದೊಡ್ಡಬಳ್ಳಾಪುರಕ್ಕೆ ವಾಪಸ್ ಬಂದವಳೇ, ಆ ಹಲಗೆಯನ್ನ ಇಲ್ಲೇ ಮಾಡ್ತೀನಿ ಅಂದೆ. ನಮ್ಮ ಹಳೇ ಪವರ್‌ಲೂಮ್ ಶೆಡ್ಡು ಖಾಲಿ ಬಿದ್ದಿತ್ತು. ಬೀಗದ ಕೈ ಅಣ್ಣನ ಹತ್ತಿರ.

"ಯುಗಾದಿವರೆಗೂ ಇಟ್ಕೋ," ಅಂದ ಅಣ್ಣ. "ಅಷ್ಟರೊಳಗೆ ನೀನು ನೀರಿನ ಮೇಲೆ ನಿಂತಿದ್ದನ್ನ ನಾನು ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ಶೆಡ್ಡು ಶಾಮಿಯಾನದವರಿಗೆ. ಅವರಾಗ್ಲೇ ಎರಡು ಸಲ ಬಂದು ನೋಡ್ಕೊಂಡು ಹೋಗಿದಾರೆ."

ಅಪ್ಪನ ಆಸ್ತಿಯಲ್ಲಿ ಮಗಳಿಗೂ ಪಾಲಿದೆ ಅಂತ ಕಾನೂನು ಹೇಳುತ್ತೆ. ನಮ್ಮ ಬೀದಿಗೆ ಅದಿನ್ನೂ ಬಂದಿಲ್ಲ.

೧. ಗಂಜಿ

ಹಲಗೆಯ ಒಳಗಿರೋದು ಥರ್ಮಾಕೋಲು. ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ, ರೆಸಿನ್ ಅನ್ನೋ ಅಂಟು ಸುರಿದು, ಬಟ್ಟೆ ಅದನ್ನ ಪೂರ್ತಿ ಕುಡಿಯೋ ಹಾಗೆ ಒತ್ತಬೇಕು. ಒಣಗಿದರೆ ಕಲ್ಲಿನಷ್ಟು ಗಟ್ಟಿ.

ಪಕ್ಕದ ಶೆಡ್ಡಿನಲ್ಲಿ ಇನ್ನೂ ಮಗ್ಗ ಓಡಿಸೋ ಯಜಮಾನರು ಒಬ್ಬರಿದ್ದಾರೆ. ನಲವತ್ತು ವರ್ಷ ಸೀರೆ ನೇಯ್ದವರು. ನನ್ನ ಗಾಜಿನ ಬಟ್ಟೆಯನ್ನ ಬೆರಳಲ್ಲಿ ಹಿಡಿದು ಮುಖ ಕಿವುಚಿದರು.

"ಏನಮ್ಮಾ ಇದು, ಅಂಚೇ ಇಲ್ಲ. ಎಳೆ ಎಲ್ಲಾ ಬಿಚ್ಕೊಂಡು ಬರ್ತಿದೆ. ಯಾವ ಅಯೋಗ್ಯ ನೇಯ್ದಿದ್ದು?"

ಮಾರನೇ ದಿನ ಬೆಂಗಳೂರಿಗೆ ಹೋಗಿ ಬಂದು ನೋಡಿದರೆ ಬಟ್ಟೆ ಯಾಕೋ ಬಿಗಿಯಾಗಿ, ಸ್ಕೂಲು ಯೂನಿಫಾರಂ ಥರ ನಿಂತಿತ್ತು. ಚಳಿಗೆ ಇರಬೇಕು ಅಂದುಕೊಂಡು ಅಂಟು ಸುರಿದೆ. ನಾಲ್ಕನೇ ದಿನ ಹಲಗೆಯ ಮೂಲೆ ಹಿಡಿದು ಎತ್ತಿದರೆ, ಇಡೀ ಪದರ ಹೆಂಚಿಂದ ದೋಸೆ ಎದ್ದ ಹಾಗೆ ಎದ್ದು ಬಂತು. ನಾನಿಲ್ಲದಾಗ ಯಜಮಾನರು ಆ ಬಟ್ಟೆಗೆ ಅನ್ನದ ಗಂಜಿ ಹಾಕಿ ಒಣಗಿಸಿಟ್ಟಿದ್ದರು. ಎಳೆ ಬಿಚ್ಚಬಾರದು ಅಂತ, ಪ್ರೀತಿಯಿಂದ. ಗಂಜಿ ಕುಡಿದ ಬಟ್ಟೆ ಅಂಟನ್ನ ಎಲ್ಲಿಂದ ಕುಡಿಯಬೇಕು?

ಅವರು ಬಂದು ಆ ಪದರ ಎತ್ತಿ ನೋಡಿದರು, ಹಲಗೆ ನೋಡಿದರು, ನನ್ನ ಮುಖ ನೋಡಿದರು.

"ಗಂಜಿ ಸ್ವಲ್ಪ ತೆಳುವಾಯ್ತು ಅನ್ಸುತ್ತೆ."

೨. ಸಂಡಿಗೆ

ಎರಡನೇ ಹಲಗೆ ಚೆನ್ನಾಗಿ ಬಂತು. ಬೆಳ್ಳಗೆ, ನುಣ್ಣಗೆ. ಮೇಲಿನ ಕೊನೆಯ ಕೈ ಅಂಟು ಬಳಿದು, ಬಿಸಿಲಿಗೆ ಗಟ್ಟಿಯಾಗಲಿ ಅಂತ ಹಿತ್ತಲಲ್ಲಿ ಎರಡು ಸ್ಟೂಲಿನ ಮೇಲೆ ಮಲಗಿಸಿ ಊಟಕ್ಕೆ ಹೋದೆ.

ಬರೋಷ್ಟರಲ್ಲಿ ಯಜಮಾನರ ಹೆಂಡತಿ ಅದರ ಮೇಲೆ ಸಾಲು ತಪ್ಪದ ಹಾಗೆ ಅಕ್ಕಿ ಸಂಡಿಗೆ ಇಟ್ಟಿದ್ದರು.

"ಅಮ್ಮಾ, ಏನು ಮಾಡಿದ್ರಿ!"

"ಇಷ್ಟು ಚೆನ್ನಾಗಿರೋದು ಬಿಸಿಲಲ್ಲಿ ಸುಮ್ನೆ ಮಲಗಿತ್ತು ಕಣೇ. ಪಾಪ ಅನ್ನಿಸ್ತು."

ಅಂಟು ಇನ್ನೂ ಹಸಿಯಾಗಿತ್ತು. ಸಂಜೆ ಹೊತ್ತಿಗೆ ಸಂಡಿಗೆಯೂ ಹಲಗೆಯೂ ಒಂದೇ ಆಗಿಬಿಟ್ಟವು. ಉಜ್ಜುವ ಕಾಗದ ಹಿಡಿದು ಮೂರು ದಿನ ತಿಕ್ಕಿದೆ. ತುದಿಗಳು ಹೋದವು, ಬುಡ ಹೋಗಲಿಲ್ಲ. ನಾನು ಬೈದುಕೊಂಡು ತಿಕ್ಕುತ್ತಿದ್ದರೆ ಆಯಮ್ಮ ಗೋಡೆಗೆ ಒರಗಿ ನಿಂತು ಸಮಾಧಾನ ಹೇಳಿದರು: "ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ. ಮುಂದಿನ ಸಲ ಎಣ್ಣೆ ಸವರಿ ಇಟ್ಟಿರು."

೩. ಐದಡಿ

ಇನ್ನು ಕೆರೆ. ದೇವನಹಳ್ಳಿ ಕಡೆ ಒಂದು ದೊಡ್ಡ ಕೆರೆ ಗೊತ್ತು ಮಾಡಿಕೊಂಡೆ. ಬೆಂಗಳೂರು ತೊಳೆದು ಬಿಟ್ಟ ನೀರನ್ನ ಶುದ್ಧಿ ಮಾಡಿದ್ದೀವಿ ಅಂತ ಹೇಳಿ ತುಂಬಿಸಿದ ಕೆರೆ. ಗಾಳಿ ಬೀಸಿದರೆ ನೊರೆ ಕೆರೆ ಏರಿ ಹತ್ತಿ ರಸ್ತೆಗೆ ಬರುತ್ತೆ. ಅನುಮತಿಗೆ ಅಂತ ಒಂದು ಆಫೀಸಿಗೆ ಹೋದೆ. ಗುಮಾಸ್ತರು ಫೈಲು ತೆಗೆದರು. ಕೆರೆಗೆ ಸಂಬಂಧಪಟ್ಟ ಹಾಗೆ ಅವರಲ್ಲಿದ್ದದ್ದು ಮೂರೇ ಥರದ ಅರ್ಜಿ.

"ಮೀನು ಹಿಡಿಯೋದಾ?"

"ಅಲ್ಲ ಸಾರ್."

"ಹೂಳೆತ್ತೋದಾ?"

"ಅಲ್ಲ. ಹಲಗೆ—"

"ಹಂಗಾದ್ರೆ ಗಣಪತಿ ಬಿಡೋದು. ಎಷ್ಟಡಿ?"

"ಐದಡಿ. ಆದ್ರೆ ಅದು ಹಲಗೆ ಸಾರ್."

"ಏನೋ ಒಂದಮ್ಮ. ಬಣ್ಣ ಕೆಮಿಕಲ್ಲಾ? ನೀರು ಕೆಡುತ್ತೆ ನೋಡಿ."

ಆ ಕೆರೆಯ ನೀರು ಕೆಡುತ್ತೆ ಅಂತ ಚಿಂತೆ ಮಾಡಿದ ಮೊದಲನೇ ಮನುಷ್ಯ ಅವರು. ಸಹಿ, ಸೀಲು ಎಲ್ಲ ಬಿದ್ದು ಪತ್ರ ಕೈಗೆ ಬಂತು. ಕೆಳಗೆ ಷರತ್ತು: "ಒಮ್ಮೆ ವಿಸರ್ಜಿಸಿದ್ದನ್ನು ಯಾವುದೇ ಕಾರಣಕ್ಕೂ ಮತ್ತೆ ಮೇಲೆತ್ತತಕ್ಕದ್ದಲ್ಲ." ನನ್ನನ್ನೂ ಸೇರಿಸಿ ಹೇಳಿದ್ದೋ ಏನೋ.

೪. ಭಾರ

ಮುಚ್ಚಿಹೋದ ಯಾವುದೋ ರೆಸಾರ್ಟಿನ ಹಳೇ ಮೋಟಾರು ದೋಣಿ ಸಿಕ್ಕಿತು. ಓಡಿಸಲು ಮೀನು ಗುತ್ತಿಗೆಯವರ ಕಡೆಯ ಒಬ್ಬ ಡ್ರೈವರ್ರು. ಅಲೆ ಎತ್ತರಕ್ಕೆ ಏಳಬೇಕಾದರೆ ದೋಣಿಯ ಹಿಂದಿನ ಒಂದು ಮೂಲೆಗೆ ಭಾರ ಹಾಕಬೇಕು. ಪರದೇಶದಲ್ಲಿ ಅದಕ್ಕೆ ನೀರು ತುಂಬಿದ ಚೀಲಗಳಿರುತ್ತವೆ. ನನ್ನ ಹತ್ತಿರ ಇದ್ದದ್ದು ಎಂಟು ಮೂಟೆ ಮರಳು, ಯಜಮಾನರು, ಅವರ ಹೆಂಡತಿ, ಅಣ್ಣ. ಅಣ್ಣನ ಹೊಟ್ಟೆ ನನ್ನ ಕೆಲಸಕ್ಕೆ ಬಂದದ್ದು ಜೀವನದಲ್ಲಿ ಅದೇ ಮೊದಲು. ಡ್ರೈವರ್ರೂ ಸೇರಿ ನಾಲ್ವರಿಗೂ ಲೈಫ್ ಜಾಕೆಟ್ ತೊಡಿಸಿ, ಮೂವರನ್ನ ಎಡಗಡೆ ಮೂಲೆಯಲ್ಲಿ ಒತ್ತೊತ್ತಾಗಿ ಕೂರಿಸಿದೆ.

ದೋಣಿ ಓಡಿತು. ಎಡಗಡೆ ಒಳ್ಳೇ ಅಲೆ ಎದ್ದಿತು. ಹಗ್ಗ ಬಿಗಿಯಾಯಿತು. ನಾನು ಹಿಂದೆ ನೀರಿನಲ್ಲಿ, ಹಲಗೆಯ ಮೇಲೆ ಮೊಣಕಾಲು ನೆಟ್ಟಗೆ ಮಾಡುತ್ತಿದ್ದೆ.

"ಎದ್ಲು ಎದ್ಲು! ಈ ಕಡೆ ಬನ್ನಿ, ಚೆನ್ನಾಗಿ ಕಾಣುತ್ತೆ!" ಅಂತ ಯಜಮಾನರು ಕೂಗಿದರು. ಮೂವರೂ ಎದ್ದು ಬಲಗಡೆಗೆ ಓಡಿದರು.

ಅಲೆ ಮಾಯ. ದೋಣಿ ವಾಲಿತು. ಅಣ್ಣನ ಜೇಬಿನ ಫೋನು ಒಂದು ಕಡೆ ಬಿತ್ತು, ನಾನು ಇನ್ನೊಂದು ಕಡೆ. ನೊರೆಯಿಂದ ತಲೆ ಎತ್ತಿದರೆ ನೆತ್ತಿ ಮೇಲೆ ವಿಮಾನ ಇಳೀತಿತ್ತು. ಅಂಥಾದ್ದೇ ಕಿಟಕಿಯಿಂದ ಈ ಕೆರೆಯನ್ನ ಎಷ್ಟೋ ಸಲ ನೋಡಿದ್ದೆ. ಅಲ್ಲಿಂದ ಬಹಳ ಚೆನ್ನಾಗಿ ಕಾಣುತ್ತೆ.

"ಯಾರೂ ನಿಂತಿದ್ದು ನನಗೆ ಕಾಣ್ಲಿಲ್ಲ," ಅಂದ ಅಣ್ಣ, ಖಾಲಿ ಜೇಬು ತಡವಿಕೊಳ್ಳುತ್ತಾ.

ಡ್ರೈವರ್ರು ಮಾತ್ರ ಷರತ್ತು ಮರೆತಿರಲಿಲ್ಲ. "ಅಕ್ಕಾ, ಫೋನು ಎತ್ತಬಹುದಾ? ಅದು ಗಣಪತಿ ಲೆಕ್ಕಕ್ಕೆ ಬರಲ್ಲ ಅಲ್ವಾ?"

೫. ಕಣ್ಣಾರೆ

ಯುಗಾದಿಗೆ ಎರಡು ದಿನ. ಈ ಸಲ ನಿಯಮ ಮಾಡಿದೆ. ಫೋನುಗಳೆಲ್ಲ ದಡದಲ್ಲಿ. ಮೂವರೂ ಎಡಮೂಲೆಯಲ್ಲಿ, ಮುಂದಕ್ಕೆ ಮುಖ ಮಾಡಿ. ಏಳೋ ಹಾಗಿಲ್ಲ, ಅಲುಗೋ ಹಾಗಿಲ್ಲ. "ನಾನು ಸರಿಯಾಗಿ ನಿಂತ ಮೇಲೆ ಕೂಗ್ತೀನಿ. ಆಗ ಕತ್ತು ಮಾತ್ರ ತಿರುಗಿಸಿ. ಅದಕ್ಕೆ ಮುಂಚೆ ತಿರುಗಿದವರಿಗೆ ಹಬ್ಬದ ದಿನ ಒಬ್ಬಟ್ಟಿಲ್ಲ."

ದೋಣಿ ಓಡಿತು. ಅಲೆ ಎದ್ದಿತು. ನಾನೂ ಎದ್ದೆ. ಪರದೇಶದಲ್ಲಿ ಕಾಲು ಜಾರದಿರಲಿ ಅಂತ ಹಲಗೆಗೆ ಮೇಣ ತಿಕ್ಕುತ್ತಾರೆ. ನನ್ನ ಪಾದಗಳನ್ನ ಸಂಡಿಗೆಯ ಬುಡಗಳು ಕಚ್ಚಿ ಹಿಡಿದುಕೊಂಡವು. ಹಗ್ಗ ಬಿಟ್ಟೆ. ಕೈಯಲ್ಲಿ ಏನೂ ಇಲ್ಲ, ಕಾಲ ಕೆಳಗೆ ನಾನೇ ಮಾಡಿದ ಹಲಗೆ, ಅದರ ಕೆಳಗೆ ಅಲೆ. ಹದಿನಾರು ವರ್ಷ ಊರೂರು ಅಲೆದಿದ್ದು ಯಾತಕ್ಕೆ ಅಂತ ಒಂದು ಗಳಿಗೆ ಗೊತ್ತಾದ ಹಾಗಾಯಿತು.

"ಅಣ್ಣಾ! ಅಣ್ಣಾ, ನೋಡೋ!"

ಮೂರು ಬೆನ್ನುಗಳು, ಮೂಟೆಗಳ ಪಕ್ಕ ಮೂಟೆಗಳ ಹಾಗೆ. ಒಂದೂ ಅಲುಗಲಿಲ್ಲ. ತೂಬಿನವರೆಗೂ ಕೂಗುತ್ತಲೇ ಹೋದೆ. ಏರಿಯ ಮೇಲೆ ಮೇಯುತ್ತಿದ್ದ ಎಮ್ಮೆಯೊಂದು ತಲೆ ಎತ್ತಿ ಪೂರ್ತಿ ನೋಡಿತು.

ಕೊನೆಗೆ ಗಂಟಲೂ ಕಾಲೂ ಸೋತು ನೀರಿಗೆ ಬಿದ್ದೆ. ಆಗ ಡ್ರೈವರ್ರಿಗೆ ಗೊತ್ತಾಗಿ, ನನ್ನನ್ನ ಹತ್ತಿಸಿಕೊಳ್ಳೋಕೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹಿಂದಕ್ಕೆ ತಗೊಂಡ ಹಾಗೆ ದೋಣಿಯನ್ನ ರಿವರ್ಸ್ ತಗೊಂಡರು. ನಾನು ಪಕ್ಕಕ್ಕೆ ಸರಿದೆ. ಹಲಗೆ ಸರಿಯಲಿಲ್ಲ. ಮೋಟಾರಿನ ರೆಕ್ಕೆ ಅದನ್ನ ಸರಿಯಾಗಿ ನಡುವೆ ಎರಡು ಮಾಡಿತು.

ಯಜಮಾನರ ಹೆಂಡತಿ ಬಗ್ಗಿ ಒಂದು ತುಂಡು ಎತ್ತಿಕೊಂಡರು. "ಇದು ನನಗಿರ್ಲಿ ಕಣೇ. ಸಂಡಿಗೆಗೆ ಅಳತೆ ಸರಿಯಾಗಿದೆ."

ನಾನು ದೋಣಿಯ ಅಂಚು ಹಿಡಿದು ನೇತಾಡುತ್ತಾ ಅಣ್ಣನ್ನ ಕೇಳಿದೆ. "ನಾನು ಕೂಗಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತಲ್ಲ."

"ಮತ್ಯಾಕೋ ತಿರುಗ್ಲಿಲ್ಲ?"

"ಬಿದ್ದೆ ಅಂದ್ಕೊಂಡೆ," ಅಂದ ಅಣ್ಣ. "ನೀನು ಬಿದ್ದಿದ್ದನ್ನ ಏನಮ್ಮಾ ನೋಡೋದು, ದಿನಾ ನೋಡ್ತಾನೇ ಇದೀವಲ್ಲ."